ದಣಿವಿನ ಅಂಕಿ

೨೦೫೮ರ ಬೆಳಗಾವಿ. ಬೆಳಗಿನ ಏಳು ಗಂಟೆಗೆ ಎರಕದ ಕಾರ್ಖಾನೆಯ ಗೇಟಿನಲ್ಲಿ ಕೆಲಸಗಾರರು ಒಬ್ಬೊಬ್ಬರಾಗಿ ಕೈ ಚಾಚುತ್ತಿದ್ದರು. ಎಲ್ಲರ ಮಣಿಕಟ್ಟಿನಲ್ಲೂ ಒಂದು ಬೂದು ಪಟ್ಟಿ. ಕಂಬಕ್ಕೆ ತಾಗಿಸಿದರೆ ಒಂದು ಅಂಕಿ ಮೂಡುತ್ತಿತ್ತು. ಹಿಂದಿನ ಹತ್ತು ಗಂಟೆಗಳಲ್ಲಿ ಬೆವರಿನಲ್ಲಿ ಇಳಿದ ಲವಣ, ನಾಡಿಯ ಏರಿಳಿತ, ಬೆರಳಿನ ಸಣ್ಣ ನಡುಕ, ನಿದ್ದೆಯ ಆಳ, ಇಷ್ಟನ್ನೂ ಕೂಡಿಸಿ ಪಟ್ಟಿಯು ದಣಿವನ್ನು ಸೊನ್ನೆಯಿಂದ ನೂರರೊಳಗೆ ಹೇಳುತ್ತಿತ್ತು. ನಲವತ್ತರೊಳಗಿದ್ದವರಿಗೆ ಯಾವ ಕೆಲಸವಾದರೂ ಸರಿ. ಮೇಲಿದ್ದವರಿಗೆ ಆ ದಿನ ಪೂರ್ತಿ ಸಂಬಳದ ಹಗುರ ಕೆಲಸ.

ಇದನ್ನು ಕಂಡುಹಿಡಿದ ಡಾ. ಪಲ್ಲವಿ ಹಂಚಿನಾಳ ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ‘ಇದು ಹೆಂಗಸರ ಕೆಲಸವಲ್ಲ’ ಎಂಬ ಮಾತು ಮೂವತ್ತು ಸಮಿತಿಗಳನ್ನೂ ಮುನ್ನೂರು ತರಬೇತಿ ಶಿಬಿರಗಳನ್ನೂ ದಾಟಿಕೊಂಡು ಆರೋಗ್ಯವಾಗಿಯೇ ಇತ್ತು. ಪಟ್ಟಿಗಾದರೆ ಹೆಂಗಸು ಗಂಡಸೆಂಬ ಭೇದ ತಿಳಿಯದು. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಗೇಟಿನಲ್ಲಿ ಗಂಡಸರ ಅಂಕಿ ಇಪ್ಪತ್ತರ ಆಸುಪಾಸು, ಹೆಂಗಸರದು ಐವತ್ತರ ಮೇಲೆ. ವರ್ಷ ತುಂಬುವುದರೊಳಗೆ ಹೆಂಗಸರೆಲ್ಲ ಗೌರವಪೂರ್ವಕವಾಗಿ ಲೇಬಲ್ ಅಂಟಿಸುವ ಕೋಣೆ ಸೇರಿದ್ದರು.

ಅನ್ವಿತಾ ಮ್ಯಾಗೇರಿ ಒಬ್ಬಳನ್ನು ಬಿಟ್ಟು. ಕರಗಿದ ಕಬ್ಬಿಣ ತುಂಬಿದ ಬಕೆಟ್ಟನ್ನು ಎಲ್ಲರ ತಲೆಯ ಮೇಲಿಂದ ಸಾಗಿಸುವ ಕ್ರೇನಿನ ಪರೀಕ್ಷೆಯಲ್ಲಿ ಅವಳು ಮೊದಲಿಗಳಾಗಿದ್ದಳು. ಮೂರು ತಿಂಗಳು ಗೇಟಿನಲ್ಲಿ ನಲವತ್ತರೊಳಗೆ ಉಳಿದರೆ ಆ ಕೆಲಸ ಕಾಯಂ. ಅಲ್ಲಿಯವರೆಗೆ ಐವತ್ತೈದು ತೋರುತ್ತಿದ್ದವಳು ಮರುದಿನದಿಂದಲೇ ಒಂಬತ್ತು, ಹನ್ನೊಂದು ತೋರಿಸತೊಡಗಿದಳು. ಮ್ಯಾನೇಜರ್ ಚೇತನ ಅಂಗಡಿ ಹಿಗ್ಗಿ, ತಮ್ಮಲ್ಲಿನ ಸಮಾನತೆಯನ್ನು ಕಣ್ಣಾರೆ ನೋಡಿ ಹೋಗಲು ಡಾಕ್ಟರನ್ನು ಕರೆಸಿದರು. ಡಾಕ್ಟರು ಪಟ್ಟಿಯ ದಾಖಲೆ ತೆರೆದು ನೋಡಿ, ಅನ್ವಿತಾಳನ್ನು ಮ್ಯಾನೇಜರರ ಕೋಣೆಗೇ ಕರೆದರು.

“ನಸಿಕಿನ್ಯಾಗ ಐದಕ್ಕ ಏನ್ ಮಾಡ್ತಿದ್ದಿ ಅನ್ವಿತಾ?”

“ರೊಟ್ಟಿ ಬಡೀತಿದ್ದೆ ರೀ.”

“ನೀ ಗೊರಕಿ ಹೊಡೀತಿದ್ದಿ ಅಂತ ಪಟ್ಟಿ ಹೇಳತೈತಿ.”

“ಅವು ನಮ್ಮ ಮನಿಯವರ ಗೊರಕಿ ರೀ ಮೇಡಂ. ರಾತ್ರಿ ಅವರ ಕೈಗೆ ಕಟ್ಟತೀನಿ. ನಿದ್ದಿ ವಿಷಯದಾಗ ಅವರಿಗೆ ಯಾರೂ ಹೆಸರಿಡಂಗಿಲ್ಲ.”

ಅಂಗಡಿಯವರ ಹಿಗ್ಗು ಇಳಿಯಿತು. “ನಿನ್ನ ಹೆಸರು ತಗೀಬೇಕಾಗತೈತಿ, ತಂಗಿ. ಮಂದಿ ತಲಿ ಮ್ಯಾಲ ಬೆಂಕಿ ಸಾಗಸೂ ಕೆಲಸ ಇದು. ದಣದವರ ಕೈಯಾಗ ಕೊಡಾಕ ಬರತೈತೇನು?”

“ಹನ್ನೊಂದು ವರ್ಷ ಹಿಂಗ ದಣದ ಬಂದೀನ್ರಿ ಸಾಹೇಬ್ರ. ಅವಾಗ ಅಂಕಿ ಇರಲಿಲ್ಲ, ನಿಮಗ ಅಂಜಿಕೀನೂ ಇರಲಿಲ್ಲ.” ಅವಳು ಡಾಕ್ಟರ ಕಡೆ ತಿರುಗಿದಳು. “ಮೇಡಂ, ನಲವತ್ತಕ್ಕ ಗೆರಿ ಎಳದ್ರಲ್ಲ, ಯಾರನ್ನ ನೋಡಿ ಎಳದ್ರಿ?”

“ಹಾಸ್ಟೆಲ್ ಹುಡುಗರನ್ನ. ಇಂಜಿನಿಯರಿಂಗ್ ಕಾಲೇಜಿನವರು, ಅರವತ್ತು ಮಂದಿ.”

“ಅವರಿಗೆ ಚಾ ಯಾರು ಮಾಡ್ತಿದ್ರು?”

“ಮೆಸ್ಸಿನವರು.” ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊಟ್ಟಮೊದಲ ಪಟ್ಟಿಯನ್ನು ಅವರು ತಮ್ಮ ಕೈಗೇ ಕಟ್ಟಿಕೊಂಡಿದ್ದರು. ಮಗಳಿಗೆ ಜಡೆ ಹಾಕಿ, ಅತ್ತೆಗೆ ಗಂಜಿ ಕೊಟ್ಟು ಪ್ರಯೋಗಾಲಯಕ್ಕೆ ಬಂದಾಗ ಅದು ಐವತ್ತೆಂಟು ತೋರಿಸಿತ್ತು. ಪಟ್ಟಿ ಕೆಟ್ಟಿದೆ ಎಂದು ಎಸೆದು ಹುಡುಗರನ್ನು ಕರೆಸಿದ್ದರು. ಪ್ರಬಂಧದಲ್ಲಿ ಈ ಸಂಗತಿ ಇರಲಿಲ್ಲ.

“ಅಂಗಡಿಯವರ, ಹೆಸರು ತಗೀಬ್ಯಾಡ್ರಿ. ಮೊದಲ ಒಂದು ಪರೀಕ್ಷಾ ಮಾಡೂಣು,” ಎಂದರು.

ಮರುವಾರ ಬಕೆಟ್ಟಿಗೆ ಕಬ್ಬಿಣದ ಬದಲು ಮರಳು ತುಂಬಿಸಿ ನಲವತ್ತು ಸುತ್ತು ಓಡಿಸಿದರು. ಪಟ್ಟಿಯನ್ನು ತನ್ನ ಕೈಗೇ ಕಟ್ಟಿಕೊಂಡು ಐವತ್ತೈದು ತೋರಿಸಿ ಬಂದ ಅನ್ವಿತಾ ಒಂದು ಹಿಡಿ ಮರಳನ್ನೂ ಚೆಲ್ಲಲಿಲ್ಲ. ಸರದಿಯಲ್ಲಿ ಅವಳ ನಂತರದವನು ಹದಿನೆಂಟರ ಅಂಕಿಯ ತಾಜಾತನದಲ್ಲಿ ಬಂದು ಎರಡು ಸಲ ಕಂಬಕ್ಕೆ ಗುದ್ದಿದ. ಆಮೇಲೆ ಎರಡು ತಿಂಗಳು ಎಲ್ಲರನ್ನೂ ಪರೀಕ್ಷಿಸಿ, ಅರವತ್ತರವರೆಗೆ ಕೈ ತಪ್ಪುವುದಿಲ್ಲವೆಂದು ಡಾಕ್ಟರು ವರದಿ ಕೊಟ್ಟರು. ಗೆರೆ ಅರವತ್ತಕ್ಕೇರಿತು. ಅನ್ವಿತಾಳ ಕೆಲಸ ಕಾಯಂ ಆಯಿತು. ಲೇಬಲ್ ಕೋಣೆ ಖಾಲಿಯಾಗಿ, ಹೆಂಗಸರು ಕುಲುಮೆಗೆ, ಲೇಥಿಗೆ ಮರಳಿದರು. ಕಾರ್ಖಾನೆಗೆ ಸಮಾನತೆಯ ಪ್ರಶಸ್ತಿಯೂ ಬಂತು.

ಹೊಸ ಗೆರೆಯನ್ನು ಸಾರಿದ ಸುತ್ತೋಲೆಯ ಎರಡನೆಯ ಪುಟವನ್ನು ಅಂಗಡಿಯವರೇ ಬರೆದಿದ್ದರು. ಅರವತ್ತರವರೆಗಿನದು ದಣಿವೇ ಅಲ್ಲವೆಂದು ಸಿದ್ಧವಾದ್ದರಿಂದ ನಲವತ್ತರ ಮೇಲಿದ್ದವರಿಗೆ ಸಿಗುತ್ತಿದ್ದ ಹಗುರ ಕೆಲಸ ಇನ್ನಿಲ್ಲ. ಅದನ್ನು ಆಕ್ಷೇಪಿಸಲು ಡಾಕ್ಟರು ಅವರ ಕೋಣೆಗೆ ಹೋದರು. ಅಂಗಡಿಯವರು ಡಾಕ್ಟರದೇ ವರದಿಯನ್ನು ತೆರೆದು, ಅವರದೇ ಸಹಿಯನ್ನು ತೋರಿಸಿದರು.

ಹೊರಬಂದಾಗ ಪಾಳಿ ಮುಗಿಸಿದ ಅನ್ವಿತಾ ಕ್ರೇನಿನ ಏಣಿ ಇಳಿಯುತ್ತಿದ್ದಳು. ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಗೆರಿ ಮ್ಯಾಲ ಹೋತು ಮೇಡಂ. ಛಲೋ ಆತು. ನನ್ನ ಅಂಕಿ ಮಾತ್ರ ಇದ್ದಲ್ಲೇ ಐತಿ. ಅದನ್ನ ಇಳಸೂ ಮಷೀನು ಯಾವಾಗ ಕಂಡುಹಿಡೀತೀರಿ?”

ಡಾಕ್ಟರು ಸೆರಗು ಸರಿಪಡಿಸಿಕೊಂಡು ಪಕ್ಕದಲ್ಲೇ ಕೂತರು.

“ಅದರಾಗ ಕಂಡುಹಿಡಿಯೂದೇನೂ ಇಲ್ಲವಾ. ಇವತ್ತ ಮುಂಜಾನೆ ನಿಮ್ಮ ಮನಿಯವರು ಎದ್ದಿದ್ರ ಇವತ್ತ ಇಳೀತಿತ್ತು. ಅದಕ್ಕ ಯಾರೂ ಪ್ರಶಸ್ತಿ ಕೊಡಂಗಿಲ್ಲ, ಹಂಗಾಗಿ ಯಾರೂ ಏಳಂಗಿಲ್ಲ.”