ಎರಡು ಮಡ್‌ಗಾರ್ಡ್, ಒಂದು ಕಿರುಬೆರಳು

“ಇನ್ನೊಂಚೂರು ಮುಂದಕ್ಕ ಎಳೀರಿ ಚಾಚಾ,” ಎಂದಳು ದುರ್ಗಾ. ಗಾಡಿಯ ಬಾಗಿಲಿಗೂ ಮುಂದಿನ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಅವಳ ಕಿರುಬೆರಳು ಸಿಕ್ಕಿಕೊಂಡಿತ್ತು.

ಟಿಂಕರಿಂಗ್ ಮಾಡುವ ಅಮೀರ್ ಸಾಬ್ ಎರಡೂ ಕೈಯಿಂದ ಮಡ್‌ಗಾರ್ಡ್ ಎಳೆದರು. ಬೆರಳು ಮೇಲಿನಿಂದ ಕೆಳಗೆ ಸಲೀಸಾಗಿ ಜಾರಿತು.

“ಬರೋಬ್ಬರಿ,” ಎಂದಳು. ಅಪ್ಪ ಬೋಲ್ಟ್ ಹಾಕಿದ.

ಅಪ್ಪ ಅನಿಲಕುಮಾರ ದೇವದುರ್ಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಜೆಯ ದಿನ ಮಾನ್ವಿಯ ಮನೆಯಂಗಳದಲ್ಲಿ, ಹಳೇ ಜೀಪಿನ ಚಾಸಿಯ ಮೇಲೆ ತನ್ನದೇ ಪಿಕಪ್ ಕಟ್ಟುತ್ತಿದ್ದ. ಎಡಗಡೆಯ ಮಡ್‌ಗಾರ್ಡ್ ಕೂರಿಸಿದಾಗ ದುರ್ಗಾ ಮೂರನೇ ಕ್ಲಾಸು. ಆಮೇಲೆ ಎಂಜಿನ್ ಸಿಗದೆ ಎರಡು ವರ್ಷ ಕೆಲಸ ನಿಂತಿತು. ಇವತ್ತು ಬಲಗಡೆಯದು.

ಗ್ಯಾಪ್ ನೋಡುವ ಕೆಲಸ ಆಗಲೂ ಈಗಲೂ ದುರ್ಗಾಳದೇ. ಅಮೀರ್ ಸಾಬ್ ಅಳತೆಯ ಟೇಪನ್ನು ನಂಬುವುದಿಲ್ಲ. ಟೇಪು ಒಂದು ಜಾಗದ ಮಾತು ಹೇಳುತ್ತದೆ, ಬೆರಳು ಉದ್ದಕ್ಕೂ ಹೇಳುತ್ತದೆ ಎನ್ನುತ್ತಾರೆ. ಅವರ ಬೆರಳೋ ಬಹಳ ದಪ್ಪ. ಹಾಗಾಗಿ ದುರ್ಗಾ ಕ್ಲಾಸಿನಲ್ಲಿ, “ನಾನಿಲ್ದಿದ್ರ ನಮ್ಮ ಗಾಡಿನೇ ಇಲ್ಲ,” ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಅಮೀರ್ ಸಾಬ್ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಗಾಡಿಯನ್ನು ಮುಂದಿನಿಂದ ನೋಡಿದರು.

“ಅನಿಲಾ, ಬಲಗಡಿದು ಮುಂದ ಬಂದದ ನೋಡು.”

“ಎರಡೂ ಕಡಿ ಗ್ಯಾಪ್ ಒಂದೇ ಅದಲ್ರಿ.”

“ಗ್ಯಾಪ್ ಒಂದೇ ಇದ್ರ, ಚಾಸಿನೇ ಸೊಟ್ಟ ಆಗ್ಯದ.”

ಅಪ್ಪ ನೆಲದ ಮೇಲೆ ಕುಳಿತುಬಿಟ್ಟ. ಚಾಸಿ ಸೊಟ್ಟ ಎಂದರೆ ಬಾಗಿಲು, ಕ್ಯಾಬಿನ್, ಎಂಜಿನ್ ಎಲ್ಲ ಇಳಿಸಬೇಕು. ಹೋದ ಭಾನುವಾರವಷ್ಟೇ ಆ ಎಂಜಿನ್ ಮೊದಲ ಸಲ ಗುಡುಗುಟ್ಟಿತ್ತು.

“ಎಲ್ಲಾ ಬಿಚ್ಚಿ ರಾಯಚೂರಿಗೆ ಒಯ್ಯಬೇಕು. ಮತ್ತೊಂದು ವರ್ಷ ಹೋತು,” ಎಂದ ಅಪ್ಪ.

“ಅಕ್ಕ ಸರಿ ನೋಡಿಲ್ಲ,” ಎಂದ ಎರಡನೇ ಕ್ಲಾಸಿನ ತಮ್ಮ ವಿನೋದ.

“ನೀ ಸುಮ್ನಿರಲೇ. ಬೋಲ್ಟ್ ಯಾವುದು, ನಟ್ ಯಾವುದು ಗೊತ್ತಿಲ್ಲ ನಿನಗ.”

ಅವನಿಗೆ ತೋರಿಸಿಯೇ ಬಿಡುತ್ತೇನೆ ಎಂದು ಅವಳು ಎಡಗಡೆಗೆ ಹೋಗಿ ಸಂದಿಯಲ್ಲಿ ಬೆರಳಿಟ್ಟಳು. ಬೆರಳು ಹೋಗಲಿಲ್ಲ. ಇನ್ನೊಂದು ಕೈಯದು ಇಟ್ಟಳು. ಅದೂ ಮೊದಲ ಗಿಣ್ಣಿಗೇ ನಿಂತಿತು.

ಯಾರೂ ಇತ್ತ ನೋಡುತ್ತಿರಲಿಲ್ಲ. ಅವಳು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಹೇಳಿದರೆ ನಾಳೆಯಿಂದ ಗ್ಯಾಪ್ ನೋಡಲು ಯಾರೂ ಕರೆಯುವುದಿಲ್ಲ. ಹೇಳದಿದ್ದರೆ...

ಆ ಕಡೆ ಅಪ್ಪ ಬಾಗಿಲಿನ ಮೊದಲ ಬೋಲ್ಟ್ ಬಿಚ್ಚಲು ಪಾನಾ ಹಾಕಿದ.

“ಅಪ್ಪಾ, ಬಿಚ್ಚಬ್ಯಾಡ. ಚಾಸಿ ನೆಟ್ಟಗ ಅದ. ನನ್ನ ಬೆರಳು ದಪ್ಪ ಆಗ್ಯದ, ಎಡಗಡಿ ಸಂದ್ಯಾಗ ಹೋಗವಲ್ದು.”

ಅಮೀರ್ ಸಾಬ್ ಬಂದು ಅವಳ ಕೈ ತಿರುವಿ ತಿರುವಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಾ ಅಲ್ಲಾ. ಹುಡುಗಿ ಬೆಳದಾಳ, ನಾ ಚಾಸಿಗೆ ಬೈಯ್ಯಾಕತ್ತೀನಿ.”

ಅಪ್ಪ ನಗಲಿಲ್ಲ. ಬಾಗಿಲಿನಿಂದ ಪಾನಾ ತೆಗೆದು, ಬಲಗಡೆಯ ಮಡ್‌ಗಾರ್ಡಿನ ಬೋಲ್ಟ್ ಸಡಿಲಿಸಿ ಕೆಳಗಿಟ್ಟ.

ದುರ್ಗಾ ವಿನೋದನ ಕಡೆ ನೋಡಿದಳು. ಅವನು ಎರಡೂ ಕೈ ಚಡ್ಡಿಯ ಜೇಬಿಗೆ ಇಳಿಸಿಕೊಂಡ. ಕೊನೆಗೆ ಅವಳೇ ಅವನ ಕೈ ಹಿಡಿದು ಎಳೆದು ತಂದಳು.

“ಮೊದಲ ಎಡಗಡಿ ನೋಡು. ಒತ್ತಬ್ಯಾಡ, ಸುಮ್ನ ಜಾರಸು. ಎಲ್ಲಿ ಹಿಡೀತದ, ಅಲ್ಲೇ ನಿಂತು ಹೇಳು.”

ಎಡಗಡೆ ಅವನ ಕಿರುಬೆರಳು ನೀರಿನಂತೆ ಇಳಿಯಿತು. ಬಲಗಡೆ ಸಂದಿಯಲ್ಲಿ ಅಲುಗಾಡಿತು.

“ಹಿಂದಕ್ಕ ತಳ್ರಿ,” ಎಂದ ವಿನೋದ, ದೊಡ್ಡ ಮನುಷ್ಯನ ಹಾಗೆ. “ಇನ್ನೂ. ಸಾಕ್ರಿ.”

ಅಪ್ಪ, ಅಮೀರ್ ಸಾಬ್ ಇಬ್ಬರೂ ಮಡ್‌ಗಾರ್ಡನ್ನು ಅಲುಗದಂತೆ ಹಿಡಿದು ನಿಂತರು. ಅಪ್ಪ ಪಾನಾ ಇದ್ದ ಕಡೆ ಕಣ್ಣಿನಲ್ಲೇ ಸನ್ನೆ ಮಾಡಿದ.

“ದುರ್ಗಾ, ಟೈರಿನ ಮ್ಯಾಲಿಂದ ಕೈ ಹಾಕು, ಈಗ ನಿನ್ನ ಕೈ ಮುಟ್ತದ. ನೀನ ಬಿಗಿ ಮಾಡು.”

ಅವಳು ಅಂಗಿಯ ತೋಳು ಮಡಚಿ, ಪಾನಾ ಎತ್ತಿಕೊಂಡು, ಭುಜದವರೆಗೆ ಕೈಯನ್ನು ಮಡ್‌ಗಾರ್ಡಿನ ಕತ್ತಲೊಳಗೆ ಚಾಚಿದಳು. ಕಾಣದ ಜಾಗದಲ್ಲಿ ತಣ್ಣನೆಯ ಬೋಲ್ಟಿನ ತಲೆ ಬೆರಳಿಗೆ ತಗುಲಿತು. ಪಾನಾ ಕೂರಿಸಿ ತಿರುವಿದಳು. ಮೊದಲು ಸುಲಭವಾಗಿ ತಿರುಗಿತು, ಆಮೇಲೆ ಗಟ್ಟಿಯಾಯಿತು. ಅವಳು ಹಲ್ಲು ಕಚ್ಚಿ ಇನ್ನೊಂದು ಸುತ್ತು ತಿರುವಿದಳು.

“ಕೈ ಬಿಡ್ರಿ,” ಎಂದಳು.

ಇಬ್ಬರೂ ಕೈ ಬಿಟ್ಟರು. ಮಡ್‌ಗಾರ್ಡ್ ಇದ್ದಲ್ಲೇ ನಿಂತಿತು.