ಎಂಟನೆಯ ಗುಳಿ

೨೦೬೮ನೇ ಇಸವಿ. ರಾಯಚೂರು ಸೀಮೆಯ ಕರಿಗುಡ್ಡದ ಚಿನ್ನದ ಗಣಿಯಲ್ಲಿ, ಒಂದೂವರೆ ಕಿಲೋಮೀಟರ್ ಆಳದಲ್ಲಿ, ಬಂಡೆ ಬೆಳಗಿನಿಂದ ಚಿಟಿಚಿಟಿ ಬಿರಿಯುತ್ತಿತ್ತು. ಮೇಲಿನ ಕೋಣೆಯಲ್ಲಿ ಕೂತ ಡಾ. ಮಂದಾಕಿನಿಯ ಪರದೆಯ ಮೇಲೆ ಪ್ರತಿ ಸದ್ದಿಗೂ ಒಂದು ಕೆಂಪು ಚುಕ್ಕೆ. ಸಾಸಿವೆ ಕಾಳಿನಷ್ಟು ಚಿಕ್ಕ ‘ಬಂಡೆಗಿವಿ’ಗಳನ್ನು ಕಲ್ಲಿನೊಳಗೆ ಹೂಳುವ ವಿದ್ಯೆ ಆಕೆಯದೇ. ಅದು ಬಂದ ಹದಿಮೂರು ವರ್ಷಗಳಲ್ಲಿ ಇಲ್ಲಿ ಒಬ್ಬರೂ ಸತ್ತಿರಲಿಲ್ಲ. ಹಾರೆಯಿಂದ ಚಾವಣಿ ಬಡಿದು, ಸದ್ದು ಕೇಳಿ ಒಳಹೋಗುವ ಹಳೆಯ ಪದ್ಧತಿ ಯಾರಿಗೂ ಬೇಡವಾಗಿತ್ತು. ಮೇಸ್ತ್ರಿ ಮುದುಕಪ್ಪನ ಹಾರೆಗೆ ಈಗ ಅದೇ ಕೋಣೆಯ ಗೋಡೆಯೇ ಗತಿ. ಆಯುಧಪೂಜೆಗೊಮ್ಮೆ ಕುಂಕುಮ, ಅಷ್ಟೆ.

ಹನ್ನೊಂದು ಗಂಟೆಗೆ ಚುಕ್ಕೆಗಳೆಲ್ಲ ಮಾಯವಾಗಿ, ಅಪಾಯವಿಲ್ಲವೆಂದು ಮೇಲೂ ಕೆಳಗೂ ಹಸಿರು ದೀಪ ಹೊತ್ತಿತು.

“ಮೇಡಮ್ಮಾರ, ಇಷ್ಟೊತ್ತು ವಟವಟ ಅಂತಿದ್ದ ಕಲ್ಲು ಒಮ್ಮೆಲೆ ಬಾಯಿ ಮುಚ್ಚೈತಿ. ನನಗ್ಯಾಕೋ ಎದಿ ಡವಡವ ಅಂತೈತ್ರಿ,” ಎಂದ ಮುದುಕಪ್ಪ. ಕೆಳಗೆ ಅವನ ಮಗಳು ಹುಲಿಗೆಮ್ಮ ಸೇರಿ ನಲವತ್ತಾರು ಮಂದಿ ಇದ್ದರು. ಆ ಪಾಳಿಗೆ ಅವಳೇ ಮುಂದಾಳು.

“ಕಲ್ಲು ತಣ್ಣಗಾಗಿದೆ, ಬಿಡಿ ಮೇಸ್ತ್ರಿ,” ಎನ್ನಹೊರಟ ಮಂದಾಕಿನಿಗೆ ಬಂಡೆಗಿವಿಗಳಲ್ಲಿ ತಾನೇ ಮಾಡಿದ ಒಂದು ಬದಲಾವಣೆ ನೆನಪಾಯಿತು.

ಪ್ರತಿ ಬಂಡೆಗಿವಿಯೊಳಗೂ ಅಳಗುಳಿಮಣೆಯ ಹಾಗೆ ಸುತ್ತಾಗಿ ಎಂಟು ಗುಳಿ. ಒಂದು ಕೈ ಕಲ್ಲಿನ ಸದ್ದನ್ನು ಗುಳಿಗೆ ಹಾಕುತ್ತ ಮುಂದೆ ಹೋಗುತ್ತದೆ. ಇನ್ನೊಂದು ಕೈ ಹಿಂದಿನಿಂದ ತೆಗೆಯುತ್ತ ಬಂದು ಪರದೆಗೆ ಕಳಿಸುತ್ತದೆ. ಈ ಕೈಗಳನ್ನು ಆಡಿಸುವ ಪುಟ್ಟ ತಂತ್ರಾಂಶವೇ ಡ್ರೈವರ್. ಎರಡೂ ಕೈ ಒಂದೇ ಗುಳಿಯ ಮೇಲಿದ್ದರೆ ಮಣೆ ಖಾಲಿ ಎಂದರ್ಥ. ಆದರೆ ಹಾಕುವ ಕೈ ಪೂರ್ತಿ ಒಂದು ಸುತ್ತು ತುಂಬಿದಾಗಲೂ ಎರಡೂ ಒಂದೇ ಗುಳಿಗೆ ಬರುತ್ತವಲ್ಲ! ಆ ಗೊಂದಲ ಬೇಡವೆಂದೇ ಒಂದು ಗುಳಿಯನ್ನು ಸದಾ ಬರಿದಾಗಿ ಬಿಡುವುದು ವಾಡಿಕೆ. ಎಂಟರಲ್ಲಿ ಒಂದು ದಂಡವಾಯಿತಲ್ಲ ಎಂದು ಕಳೆದ ತಿಂಗಳು ಮಂದಾಕಿನಿಯೇ ಅದನ್ನೂ ಬಳಕೆಗೆ ತಂದಿದ್ದಳು. ಹಾಕುವ ಕೈಗೆ ತುಂಬಿದ ಗುಳಿ ಎಣಿಸುವುದನ್ನು ಕಲಿಸಿದ್ದಳು. ತೆಗೆಯುವ ಕೈಗೆ ಕಲಿಸುವುದನ್ನು ಮರೆತಿದ್ದಳು.

ಎಂಟೂ ಗುಳಿ ತುಂಬುವಷ್ಟು ಕಲ್ಲು ಒಟ್ಟಿಗೆ ಬಿರಿದಿದೆ. ತುಂಬಿತೆಂದು ಹಾಕುವ ಕೈ ನಿಂತಿದೆ. ಖಾಲಿಯೆಂದು ತೆಗೆಯುವ ಕೈಯೂ ನಿಂತಿದೆ. ಕಲ್ಲು ಬಿರಿಯುತ್ತಲೇ ಇದೆ, ಪರದೆಗೆ ಮಾತ್ರ ಏನೂ ಬರುತ್ತಿಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಅವಳು ಫೋನು ಎತ್ತಿದಳು.

“ಹುಲಿಗೆಮ್ಮ, ಎಲ್ಲರನ್ನೂ ಕರಕೊಂಡು ಮೇಲೆ ಬಾ!”

“ಹಸಿರು ಐತಲ್ರಿ ಮೇಡಂ? ಇಲ್ಲಿ ಯಾರೂ ಏಳವಲ್ರು.”

ಮುದುಕಪ್ಪ ಫೋನು ಕಸಿದುಕೊಂಡ. “ಯವ್ವಾ, ಕೈಯಾಗ ಏನೈತಿ, ಅದರಿಂದ ಮ್ಯಾಲೆ ಬಡಿ ನೋಡೂಣು.”

ನಟ್ಟು ತಿರುಗಿಸುವ ಕಬ್ಬಿಣದ ಪಾನಾ ಚಾವಣಿಗೆ ಬಡಿದ ಸದ್ದು ಬಂತು. ಡೊಬ್, ಡೊಬ್. ಗಟ್ಟಿ ಕಲ್ಲಾಗಿದ್ದರೆ ಠಣ್ ಎನ್ನಬೇಕಿತ್ತು.

“ಪೊಳ್ಳೈತಿ! ಓಡವ್ವಾ, ಓಡು!”

ಲಿಫ್ಟು ಎರಡು ಸಲ ಬಂತು. ನಲವತ್ತೈದು ಮಂದಿ ಹೊರಗೆ ಬಂದರು. ಹಸಿರು ನಂಬಿ ಕೂತವರನ್ನು ಬೈದು ಎಬ್ಬಿಸಿ ಕಳಿಸಿದ ಹುಲಿಗೆಮ್ಮ ಬರಲಿಲ್ಲ. ಕೆಳಗೆ ಚಾವಣಿ ಕುಸಿದು, ನೆಲ ನಡುಗಿ ನಿಂತ ಮೇಲೂ ದೀಪ ಹಸಿರಾಗಿಯೇ ಇತ್ತು.

ಒಂಬತ್ತನೆಯ ದಿನ ಮಂದಾಕಿನಿ ಮುದುಕಪ್ಪನ ಮನೆಗೆ ಹೋದಳು. ಬಾಗಿಲಲ್ಲಿ ನೆರೆಮನೆಯಾಕೆ, “ಭಾಳ ಗಟ್ಟಿ ಮನಷ್ಯಾ ರೀ. ಒಂದ್ ಹನಿ ಕಣ್ಣೀರು ಹಾಕಿಲ್ಲ, ಒಂದ್ ಮಾತೂ ಅಂದಿಲ್ಲ. ಆರಾಮ ಅದಾನ,” ಎಂದಳು.

ಒಳಗೆ ಅವನು ಗೋಡೆಗೊರಗಿ ಕೂತಿದ್ದ. ಆ ಮೌನ ಕಂಡು ಮಂದಾಕಿನಿಗೆ ಎಂಟೂ ಗುಳಿ ತುಂಬಿ ನಿಂತ ಮಣೆ ನೆನಪಾಯಿತು. “ಮೇಸ್ತ್ರಿ, ತಪ್ಪು ನನ್ನದು,” ಎಂದು ಪಕ್ಕದಲ್ಲಿ ಕುಸಿದಳು. ಅವನು ತಿರುಗಿ ನೋಡಲಿಲ್ಲ. ಅವಳು ಎದ್ದು ಹೋಗಲೂ ಇಲ್ಲ.

ಹೊರಗಿದ್ದವರು ಮಾತ್ರ, ಸುಮ್ಮನಿದ್ದಾನೆಂದರೆ ಸಮಾಧಾನವಾಗಿದ್ದಾನೆ ಎಂದುಕೊಂಡು, ನಾವು ನೀವು ದಿನಾ ಮಾಡುವ ಹಾಗೆ, ತಂತಮ್ಮ ಕೆಲಸಕ್ಕೆ ಹೋದರು.