ಬಿಚ್ಚದ ಹೊಲಿಗೆ

“ಹಳೇ ಹೊಲಿಗೆ ಬಿಚ್ಚದೆ ಮೇಲೆ ಸೂಜಿ ಹಾಕ್ಬೇಡ ಕಣೇ,” ಎಂದಳು ಅಕ್ಕ. “ಮಾಟ ಮಾಡೋರು ಅದನ್ನ ಹೊಲಿಗೆಯಲ್ಲೇ ಕಟ್ಟಿ ಎಸೀತಾರೆ.”

“ಹೂಂ, ಇನ್ನು ಚಿಂದಿಗೂ ದೆವ್ವ ಹಿಡಿಯೋದೊಂದು ಬಾಕಿ ಇತ್ತು,” ಎಂದು ತಂಗಿ ನಕ್ಕಳು.

ಜನ ಎಸೆದ ಬಟ್ಟೆಗಳಿಂದ ಬೊಂಬೆ ಮಾಡುವ ಅಕ್ಕನ ಶೆಡ್ಡಿಗೆ ಅವಳು ಸೇರಿ ವಾರವೂ ಆಗಿರಲಿಲ್ಲ. ಮೂಟೆಯಿಂದ ಬಂದ ಪ್ರತಿ ಬಟ್ಟೆಯ ಹೊಲಿಗೆ ಬಿಚ್ಚಬೇಕು, ಹಳೇ ದಾರವನ್ನೆಲ್ಲ ಸುಡಬೇಕು, ಆಮೇಲೆಯೇ ಕತ್ತರಿ. ಬಿಚ್ಚುವುದರಲ್ಲೇ ಅರ್ಧ ದಿನ ಹಾಳು. ಅಕ್ಕನಿಗೆ ಕೆಲಸಕ್ಕಿಂತ ಶಾಸ್ತ್ರವೇ ದೊಡ್ಡದು ಎಂದು ಒಳಗೊಳಗೇ ಗೊಣಗುತ್ತಿದ್ದಳು.

ಅವತ್ತು ಮೂಟೆಯ ತಳದಲ್ಲಿ ಮಗುವಿನ ಕೆಂಪು ಅಂಗಿಯೊಂದು ಸಿಕ್ಕಿತು. ಎದೆಯ ಮೇಲೆ ಕಪ್ಪು ದಾರದ ಕಸೂತಿ, ಇರುವೆ ಸಾಲಿನಷ್ಟು ಸಣ್ಣದು. ಅದನ್ನು ಬಿಚ್ಚಲು ಯಾರಿಗಾದರೂ ಮನಸ್ಸು ಬಂದೀತೆ? ಅಕ್ಕನ ಕಣ್ಣು ತಪ್ಪಿಸಿ ಕಸೂತಿಯ ತುಂಡನ್ನು ಹಾಗೆಯೇ ಕತ್ತರಿಸಿ, ಬೊಂಬೆಯೊಂದರ ಎದೆಗೆ ಹೊಲಿದಳು. ಸೂಜಿ ಚುಚ್ಚಿದಾಗೆಲ್ಲ ಕೂದಲು ಸುಟ್ಟ ವಾಸನೆ ಬರುತ್ತಿತ್ತು. ದಾರ ಸುಡುವ ಒಲೆಯದಿರಬೇಕು ಎಂದುಕೊಂಡು, ಬೊಂಬೆಯನ್ನು ಮನೆಗೆ ಒಯ್ದು ಮಗಳು ಗುಬ್ಬಿಯ ಕೈಗಿತ್ತಳು.

ಮರುದಿನವೇ ಗುಬ್ಬಿಗೆ ಉಸಿರು ಕಟ್ಟತೊಡಗಿತು. ವೈದ್ಯರು ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಎಂದರು. ಬರಬರುತ್ತ ಮಾತು ನಿಂತಿತು. ತುಟಿ ನೀಲಿಗಟ್ಟಿತು. ಕೋಣೆಯ ತುಂಬ ಅದೇ ಸುಟ್ಟ ಕೂದಲ ನಾತ. ಹಾಸಿಗೆಯ ಮೇಲಿದ್ದ ಬೊಂಬೆಯನ್ನು ತಾಯಿ ಆಗ ಸರಿಯಾಗಿ ನೋಡಿದಳು. ಆ ಕಸೂತಿ ದಾರದ್ದಲ್ಲ. ಮನುಷ್ಯರ ಕೂದಲು. ಬಿಗಿಯುತ್ತಿದೆ. ಬೊಂಬೆಯ ಎದೆ ಸುಕ್ಕುಗಟ್ಟುತ್ತಿದೆ. ಕತ್ತರಿ ತಂದಳು. ಒಂದು ಎಳೆ ಕತ್ತರಿಸಿದಳು. ಗುಬ್ಬಿ ಚೀರಿದಳು. ಮಗುವಿನ ಎದೆಯ ಮೇಲೆ ರಕ್ತದ ಗೆರೆ ಮೂಡಿತ್ತು.

ಬೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಕ್ಕನ ಹತ್ತಿರ ಓಡಿದಳು.

“ಈಗ ಬಿಚ್ಚೋಕಾಗಲ್ಲ,” ಎಂದಳು ಅಕ್ಕ. “ಅದರ ಮೇಲೆ ನಿನ್ನ ಹೊಲಿಗೆ ಕೂತಿದೆ.”

“ಕಾಲಿಗೆ ಬೀಳ್ತೀನಿ ಅಕ್ಕ, ಏನಾದ್ರೂ ದಾರಿ ಹೇಳು.”

ಅಕ್ಕ ಅವಳ ಮುಖ ನೋಡಲಿಲ್ಲ. “ಬೇರೆ ಯಾರಾದ್ರೂ ತಾವಾಗೇ ಇಷ್ಟಪಟ್ಟು ಎತ್ಕೋಬೇಕು. ಆಗ ಅವರ ಮನೆಗೆ ಹೋಗುತ್ತೆ.”

“ಅವರ ಮನೇಲೂ ಮಗು ಇದ್ರೆ?”

ಅಕ್ಕ ಒಲೆಯ ಕಡೆ ತಿರುಗಿ ಹಳೇ ದಾರವನ್ನು ಬೆಂಕಿಗೆ ಹಾಕತೊಡಗಿದಳು.

ಯಾರೂ ಎತ್ತಿಕೊಳ್ಳದೆ ಹೋದರೆ ಎಂಬ ಭಯಕ್ಕೆ ಅವಳು ಮನೆಗೆ ಬಂದು ಮತ್ತೆ ಸೂಜಿ ಹಿಡಿದಳು. ಒಡೆದ ಬಳೆಚೂರಿನ ಸರ, ಹರಿದ ಪರದೆಯ ಲಂಗ, ಚಾಕೊಲೇಟ್ ಕಾಗದದ ಕಿರೀಟ. ಅಳುತ್ತಲೇ ಹೊಲಿದಳು. ಅಷ್ಟು ಚಂದದ ವಸ್ತುವನ್ನು ಜನ್ಮದಲ್ಲೇ ಅವಳು ಮಾಡಿರಲಿಲ್ಲ. ಬೆಳಕು ಹರಿದ ಮೇಲೆ ಬೊಂಬೆಯನ್ನು ಮನೆ ಎದುರಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಕಿಟಕಿಯ ಹಿಂದೆ ನಿಂತಳು.

ತಾಯಿಯ ಬೆರಳು ಹಿಡಿದ ಪುಟ್ಟ ಹುಡುಗಿಯೊಬ್ಬಳು ಬಂದಳು. ನಿಂತಳು. ಬೊಂಬೆಯನ್ನು ಎತ್ತಿ ಎದೆಗೆ ಅಪ್ಪಿಕೊಂಡಳು.

“ಬೇಡ ಕಂದ, ಯಾರದೋ ಏನೋ,” ಎಂದ ತಾಯಿ, ಮಗಳ ಮುಖ ನೋಡಿ ನಕ್ಕು ಸುಮ್ಮನಾದಳು.

ಇವಳು ಕಿಟಕಿ ತೆರೆದಳು. ಒಂದು ಕೂಗು ಸಾಕಿತ್ತು. ಬಾಯಿ ತೆರೆದಳು.

“ಅಮ್ಮಾ,” ಎಂದಳು ಹಿಂದಿನಿಂದ ಗುಬ್ಬಿ. “ಹಸಿವಾಗ್ತಿದೆ.”

ಅವಳು ಕಿಟಕಿ ಮುಚ್ಚಿದಳು.